ಬ್ರೇಕ್ ಒತ್ತಿದರೆ ಬೆಳಗುವ ‘ಆರ್’: ಒಂದು ಕಾಂಟೆಸ್ಸಾದ ಗೇರ್ ಸೂಚಕ ದೀಪಗಳ ಪ್ರಕರಣ

ದಾವಣಗೆರೆಯ ಹೊರವಲಯದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ನಿಂತಿರುವ ಕಾಂಟೆಸ್ಸಾ ಕಾರಿನ ಡ್ಯಾಶ್‌ಬೋರ್ಡ್ ದೀಪಗಳನ್ನು ನೋಡಿಕೊಡಬೇಕೆಂದು ಅದರ ಮಾಲೀಕರು ಹೇಳಿ ಕಳುಹಿಸಿದಾಗ, ಅರ್ಧ ದಿನದ ಕೆಲಸ ಎಂದೇ ನಾನು ಎಣಿಸಿದ್ದೆ. ಅದು ಮೂರು ದಿನ ಹಿಡಿಯಿತು. ಅದರಲ್ಲಿ ಒಂದು ಇಡೀ ದಿನವನ್ನು ನಾನೇ ತಪ್ಪು ಜಾಗದಲ್ಲಿ ಹುಡುಕುತ್ತಾ ಕಳೆದೆ. ಲಾರಿ, ಟ್ರ್ಯಾಕ್ಟರ್, ಭತ್ತ ಕೊಯ್ಯುವ ಯಂತ್ರಗಳ ವೈರಿಂಗ್‌ನಲ್ಲೇ ಹೆಚ್ಚು ಕಾಲ ಕಳೆದಿರುವ ನನಗೆ ಈ ಕಾರು ಅಪರೂಪದ ಕೆಲಸವಾಗಿತ್ತು. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಬಹುದೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ತಯಾರಿಸಿದ ಕಾಂಟೆಸ್ಸಾದಲ್ಲಿ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಆದ್ದರಿಂದ ಉದ್ದಕ್ಕೆ ಕೂರುವ ಬೇರೆ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳನ್ನು ಕೂರಿಸಬಯಸುವವರಿಗೆ ಅದು ಅನುಕೂಲದ ಬಾಡಿ. ಈ ಕಾರಿಗೆ ಜಪಾನ್ ಮೂಲದ ಹಳೆಯ ಎಂಜಿನ್ ಒಂದನ್ನು ಅದರದೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಮೇತ ಕೂರಿಸಿದ್ದರು. ಕಾಂಟೆಸ್ಸಾ ಬಂದದ್ದು ಕೈಯಿಂದ ಬದಲಿಸುವ ಗೇರ್‌ನೊಂದಿಗೆ. ಯಾವ ಗೇರ್‌ನಲ್ಲಿದೆ ಎಂದು ತೋರಿಸುವ ದೀಪಗಳಿಗೆ ಅದರ ಡ್ಯಾಶ್‌ಬೋರ್ಡ್‌ನಲ್ಲಿ ಜಾಗವೇ ಇರಲಿಲ್ಲ. ಹೀಗಾಗಿ ಕಾರನ್ನು ಕಟ್ಟಿದವರು ಅಲ್ಯೂಮಿನಿಯಂ ತಗಡಿನಲ್ಲಿ ಹೊಸ ಫಲಕ ಮಾಡಿ, ಪಿ (ಪಾರ್ಕಿಂಗ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), 2 (ಎರಡನೇ ಗೇರ್‌ವರೆಗೆ), ಎಲ್ (ಲೋ, ಕೆಳಗಿನ ಗೇರ್) ಎಂಬ ಆರು ಅಕ್ಷರಗಳನ್ನು ಕೊರೆದು, ಪ್ರತಿಯೊಂದರ ಹಿಂದೆ ಒಂದು ಎಲ್‌ಇಡಿ ಇಟ್ಟಿದ್ದರು. ಕೆಲಸ ನೋಡಲು ಅಂದವಾಗಿತ್ತು. ಫಲಕದ ಹಿಂದೆ ಮಾತ್ರ ಆರೂ ವೈರುಗಳು ಒಂದೇ ಬಣ್ಣದವು.

ಕೆಲಸ ಒಪ್ಪಿಕೊಳ್ಳುವ ಮುಂಚೆ ಕಾರು ಎಲ್ಲಿ ಓಡುತ್ತದೆ ಎಂದು ಕೇಳಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ತಮ್ಮಿಷ್ಟದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ಹೇಳುತ್ತದೆ. ಕಾರು ಗಿರಣಿಯ ಕಾಂಪೌಂಡ್ ದಾಟುವುದಿಲ್ಲ, ಭತ್ತ ಒಣಗಿಸುವ ಸಿಮೆಂಟ್ ಕಣದಲ್ಲಷ್ಟೇ ಓಡಿಸುತ್ತೇವೆ ಎಂದು ಮಾಲೀಕರು ಹೇಳಿದರು. ಸುಗ್ಗಿಯಿಲ್ಲದ ದಿನಗಳಲ್ಲಿ ಆ ಕಣ ದೊಡ್ಡ ಮೈದಾನವೇ ಸರಿ.

ಅವರು ಹೇಳಿದ ದೂರುಗಳು ಮೂರು. ಲಿವರ್ ‘ಡಿ’ಯಲ್ಲಿದ್ದರೂ ಬ್ರೇಕ್ ಒತ್ತಿದಾಗಲೆಲ್ಲ ‘ಆರ್’ ಮಂಕಾಗಿ ಬೆಳಗುತ್ತದೆ. ಲಿವರ್ ‘2’ರಲ್ಲಿರುವಾಗ ‘ಎಲ್’ ಕೂಡ ಮಿಣುಕುತ್ತದೆ, ಕತ್ತಲಲ್ಲಿ ಮಾತ್ರ ಕಾಣುತ್ತದೆ. ‘ಎನ್’ ದೀಪ ಲಿವರನ್ನು ಅದರ ಜಾಗದಿಂದ ಸ್ವಲ್ಪ ‘ಡಿ’ ಕಡೆಗೆ ತಳ್ಳಿದರೆ ಮಾತ್ರ ಹತ್ತುತ್ತದೆ. ಈ ಮೊದಲು ನೋಡಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಗೇರ್‌ಬಾಕ್ಸ್ ಮೇಲಿನ ಸ್ವಿಚ್ ಹೋಗಿದೆ, ಹೊಸದು ತರಿಸಬೇಕು ಎಂದು ಹೇಳಿ ಹೋಗಿದ್ದರಂತೆ. ಮೂರೂ ದೀಪಗಳು ಒಂದೇ ಸ್ವಿಚ್‌ನಿಂದ ಹೊರಡುವುದರಿಂದ ಮೇಲ್ನೋಟಕ್ಕೆ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಾನೂ ಅದನ್ನೇ ನಂಬಿ ಕೆಲಸ ಶುರು ಮಾಡಿದೆ.

ಆ ಸ್ವಿಚ್‌ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಇದು ಕಂಪ್ಯೂಟರ್ ಇಲ್ಲದ, ಎಣ್ಣೆಯ ಒತ್ತಡದಿಂದಲೇ ಗೇರ್ ಬದಲಿಸಿಕೊಳ್ಳುವ ಕಾಲದ ಗೇರ್‌ಬಾಕ್ಸ್. ಲಿವರ್‌ನ ಕಡ್ಡಿ ಗೇರ್‌ಬಾಕ್ಸ್ ಪಕ್ಕದ ಒಂದು ಶಾಫ್ಟನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಮೇಲೆ ಇನ್‌ಹಿಬಿಟರ್ (ಎಂದರೆ ತಡೆಯುವ) ಸ್ವಿಚ್ ಕೂತಿರುತ್ತದೆ. ಇಗ್ನಿಷನ್ ಕೀ ತಿರುಗಿಸಿದಾಗ ಫ್ಯೂಸ್ ಮೂಲಕ 12 ವೋಲ್ಟ್ ಆ ಸ್ವಿಚ್‌ನ ಒಂದು ಪಿನ್ನಿಗೆ ಬರುತ್ತದೆ. ಶಾಫ್ಟ್ ಯಾವ ಕಡೆಗಿದೆಯೋ ಅದಕ್ಕೆ ತಕ್ಕ ಹಾಗೆ ಒಳಗಿನ ತಾಮ್ರದ ಪಟ್ಟಿ ಆ ವೋಲ್ಟೇಜನ್ನು ಆರರಲ್ಲಿ ಒಂದು ಪಿನ್ನಿಗೆ ಸೇರಿಸುತ್ತದೆ. ಅಲ್ಲಿಂದ ಒಂದೊಂದು ವೈರು ಡ್ಯಾಶ್‌ಬೋರ್ಡ್‌ಗೆ. ‘ಆರ್’ ವೈರು ಕವಲೊಡೆದು ಹಿಂದಿನ ರಿವರ್ಸ್ ದೀಪಗಳಿಗೂ ಹೋಗುತ್ತದೆ. ಇದೆಲ್ಲದರಿಂದ ಬೇರೆಯಾಗಿ ಅದೇ ಸ್ವಿಚ್‌ನಲ್ಲಿ ಇನ್ನೆರಡು ಪಿನ್ನುಗಳಿರುತ್ತವೆ. ಅವು ‘ಪಿ’ ಮತ್ತು ‘ಎನ್’ನಲ್ಲಿ ಮಾತ್ರ ಒಂದಕ್ಕೊಂದು ಸೇರಿ, ಎಂಜಿನ್ ಶುರು ಮಾಡುವ ಸೆಲ್ಫ್ ಮೋಟಾರಿನ ರಿಲೇಗೆ (ಕರೆಂಟಿನಿಂದ ನಡೆಯುವ ಸ್ವಿಚ್) ದಾರಿ ಕೊಡುತ್ತವೆ. ಬೇರೆ ಗೇರ್‌ನಲ್ಲಿ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಕೂಡದು ಎಂಬುದೇ ಅದರ ಉದ್ದೇಶ. ಸ್ವಿಚ್‌ಗೆ ಆ ಹೆಸರು ಬಂದದ್ದೂ ಈ ಎರಡು ಪಿನ್ನುಗಳಿಂದ. ದೀಪಗಳು ಅದರ ಎರಡನೆಯ ಕೆಲಸ.

ಮೊದಲ ದಿನ ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಸ್ವಿಚ್ ಬಿಚ್ಚಿದೆ. ವೈರುಗಳನ್ನು ಸ್ವಿಚ್‌ಗೆ ಸೇರಿಸುವ ಕಪ್ಲರ್‌ನೊಳಗೆಲ್ಲ ಹಳೆಯ ಗೇರ್ ಆಯಿಲ್‌ನ ಜಿಗುಟು, ಅದರ ಮೇಲೆ ಗಿರಣಿಯ ಹೊಟ್ಟಿನ ಧೂಳು ಕೂತು ಕರಿಯ ಪಾಕದ ಹಾಗೆ ಗಟ್ಟಿಯಾಗಿತ್ತು. ಅದನ್ನು ಕಂಡ ಕೂಡಲೇ ಕಳ್ಳ ಸಿಕ್ಕಿದ ಎಂದುಕೊಂಡೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಮತ್ತೆ ಕೂರಿಸುವಷ್ಟರಲ್ಲಿ ಸಂಜೆಯಾಗಿತ್ತು. ಕೀ ತಿರುಗಿಸಿ ನೋಡಿದರೆ ‘ಎಲ್’ನ ಮಿಣುಕು ಅರ್ಧಕ್ಕೆ ಇಳಿದಿತ್ತು. ಬ್ರೇಕ್ ಒತ್ತಿದರೆ ‘ಆರ್’ ಮಾತ್ರ ಮೊದಲಿನಷ್ಟೇ ಬೆಳಗುತ್ತಿತ್ತು.

ಅಲ್ಲಿಯೇ ನಿಂತು ಯೋಚಿಸಬೇಕಾಗಿದ್ದ ಪ್ರಶ್ನೆ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಬ್ರೇಕ್ ಪೆಡಲ್‌ಗೂ ಗೇರ್‌ಬಾಕ್ಸ್ ಸ್ವಿಚ್‌ಗೂ ಏನು ಸಂಬಂಧ? ಬ್ರೇಕ್ ಒತ್ತದೆ ಲಿವರ್ ಕದಲದಂತೆ ಹಿಡಿಯುವ ಬೀಗ ಈಚಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಇರುತ್ತದೆ, ಈ ಗೇರ್‌ಬಾಕ್ಸ್‌ನಲ್ಲಿ ಅದಿಲ್ಲ. ಪೆಡಲ್ ಒತ್ತಿದಾಗ ಈ ಕಾರಿನಲ್ಲಿ ವಿದ್ಯುತ್ತಿನ ಲೆಕ್ಕದಲ್ಲಿ ನಡೆಯುವ ಕೆಲಸ ಒಂದೇ: ಹಿಂದಿನ ಬ್ರೇಕ್ ದೀಪಗಳು ಹತ್ತುತ್ತವೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಅದೇ ಹೊತ್ತಿಗೆ ಡಿಕ್ಕಿಯ ಬಳಿ ನಿಂತು, “ಅಣ್ಣಾ, ಬ್ರೇಕ್ ಲೈಟ್ ಯಾಕೋ ಭಾಳ ಮಂಕ್ ಐತಿ ನೋಡ್ರಿ” ಎಂದ. ಹಗಲೆಲ್ಲ ಬಿಸಿಲಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೋಗಿ ನೋಡಿದರೆ ಕೆಂಪು ಗಾಜಿನ ಹಿಂದೆ ಬತ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ ಉರಿಯುತ್ತಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಮೀಟರುಗಳ ಹಿಂದಿನ ದೀಪಗಳೂ, ಪಾರ್ಕಿಂಗ್ ಸ್ವಿಚ್ ಹಾಕದಿದ್ದರೂ, ಬ್ರೇಕ್ ಒತ್ತಿದಾಗ ಬಹಳ ಸಣ್ಣಗೆ ಹೊಳೆಯುವುದು ಆ ಮುಸ್ಸಂಜೆಯಲ್ಲಿ ಕಂಡಿತು.

ಎರಡನೆಯ ದಿನ ಗೇರ್‌ಬಾಕ್ಸ್ ಕಡೆ ತಲೆಹಾಕದೆ ಡಿಕ್ಕಿಯಿಂದ ಶುರು ಮಾಡಿದೆ. ಎರಡೂ ಬದಿಯ ದೀಪಗಳ ಅರ್ತ್ ವೈರುಗಳನ್ನು (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಒಂದೇ ಥಿಂಬಲ್‌ಗೆ, ಎಂದರೆ ವೈರಿನ ತುದಿಯ ಲೋಹದ ಬಳೆಗೆ, ಸೇರಿಸಿ, ಡಿಕ್ಕಿಯ ಒಳಗೋಡೆಯ ಒಂದು ಬೋಲ್ಟಿಗೆ ಬಿಗಿದಿದ್ದರು. ಮಲ್ಟಿಮೀಟರನ್ನು ಬಜರ್‌ಗೆ ಇಟ್ಟು ಥಿಂಬಲ್‌ಗೂ ಬಾಡಿಗೂ ಮುಟ್ಟಿಸಿದರೆ ‘ಕೀ’ ಎಂದಿತು. ಅರ್ತ್ ಸರಿಯಿದೆ ಎಂದು ಯಾರಾದರೂ ಹೇಳಿಬಿಡುವುದು ಇಲ್ಲಿಯೇ. ಹಿಂದಿನವರೂ ಹಾಗೆ ನೋಡಿಯೇ ಮುಂದೆ ಹೋಗಿರಬೇಕು. ಆದರೆ ಬಜರ್ ಹತ್ತಿಪ್ಪತ್ತು ಓಮ್ ಇದ್ದರೂ ಕೂಗುತ್ತದೆ, ಮತ್ತು ಆ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ಒಂದು ಮಿಲಿ ಆಂಪಿಯರ್ ಆಸುಪಾಸಿನ ಕರೆಂಟನ್ನು. ಬ್ರೇಕ್ ದೀಪಗಳಿಗೆ ಬೇಕಾದದ್ದು ತಲಾ 21 ವ್ಯಾಟ್‌ನಂತೆ 42 ವ್ಯಾಟ್, ಎಂದರೆ 12 ವೋಲ್ಟ್‌ನಲ್ಲಿ ಮೂರೂವರೆ ಆಂಪಿಯರ್. ಕಾಲುದಾರಿಯಲ್ಲಿ ಒಬ್ಬ ನಡೆದು ಹೋಗಬಹುದು ಎಂದ ಮಾತ್ರಕ್ಕೆ ಅಲ್ಲಿ ಭತ್ತದ ಲಾರಿ ಹೋಗುತ್ತದೆ ಎನ್ನಲಾಗುವುದಿಲ್ಲ.

ಆದ್ದರಿಂದ ಮೀಟರನ್ನು ವೋಲ್ಟ್‌ಗೆ ತಿರುಗಿಸಿ, ಒಂದು ಮುಳ್ಳನ್ನು ದೀಪದ ಅರ್ತ್ ಥಿಂಬಲ್‌ಗೆ, ಇನ್ನೊಂದನ್ನು ಉದ್ದ ವೈರಿನ ಮೂಲಕ ಬ್ಯಾಟರಿಯ ಮೈನಸ್‌ಗೆ ಹಿಡಿದು, ಹುಡುಗನಿಗೆ ಬ್ರೇಕ್ ಒತ್ತಲು ಹೇಳಿದೆ. 4.6 ವೋಲ್ಟ್. ಸರಿಯಾದ ಅರ್ತ್ ಇದ್ದರೆ ಇಲ್ಲಿ 0.1 ಅಥವಾ 0.2ಕ್ಕಿಂತ ಹೆಚ್ಚು ಬರಬಾರದು. ಬ್ಯಾಟರಿ 12.4 ತೋರಿಸುತ್ತಿದ್ದಾಗ ದೀಪಗಳಿಗೆ ಉಳಿದದ್ದು 7.8 ವೋಲ್ಟ್ ಮಾತ್ರ. ಬತ್ತಿಯ ದೀಪದ ಬೆಳಕು ವೋಲ್ಟೇಜಿನ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. 7.8 ವೋಲ್ಟ್‌ಗೆ ಬಂದಾಗ ಉಳಿಯುವುದು ಸುಮಾರು ಐದರಲ್ಲೊಂದು ಪಾಲು ಬೆಳಕು.

ಉಳಿದದ್ದು ತಾನಾಗಿ ಬಿಡಿಸಿಕೊಂಡಿತು. ಬ್ರೇಕ್ ದೀಪದಿಂದ ಬಂದ ಕರೆಂಟ್‌ಗೆ ಅರ್ತ್ ಬೋಲ್ಟ್ ಮೂಲಕ ಇಳಿಯಲು ಕಷ್ಟವಾದಾಗ ಆ ಥಿಂಬಲ್‌ನಲ್ಲಿ 4.6 ವೋಲ್ಟ್ ಏಳುತ್ತದೆ. ಅದೇ ಥಿಂಬಲ್‌ಗೆ ರಿವರ್ಸ್ ದೀಪದ ಬತ್ತಿಯ ಒಂದು ತುದಿಯೂ ಸೇರಿದೆ. ಆ ಬತ್ತಿಯ ಇನ್ನೊಂದು ತುದಿ ‘ಆರ್’ ವೈರು. ಕಾರು ರಿವರ್ಸ್‌ನಲ್ಲಿ ಇಲ್ಲದಿರುವುದರಿಂದ ಸ್ವಿಚ್ ಕಡೆ ಆ ವೈರು ಖಾಲಿ, ಆದರೆ ಅದರ ಕವಲು ಡ್ಯಾಶ್‌ಬೋರ್ಡ್‌ನ ಎಲ್‌ಇಡಿಗೆ ಹೋಗಿ, ಅಲ್ಲಿಯ ಒಳ್ಳೆಯ ಅರ್ತ್‌ಗೆ ಇಳಿಯುತ್ತದೆ. ಹೀಗೆ ಕರೆಂಟ್ ರಿವರ್ಸ್ ಬತ್ತಿಯ ಮೂಲಕ ಹಿಂದಿನಿಂದ ಮುಂದಕ್ಕೆ ಹತ್ತಿ ಬಂದು ‘ಆರ್’ ಅನ್ನು ಬೆಳಗಿಸುತ್ತಿತ್ತು. ಕೆಂಪು ಎಲ್‌ಇಡಿ ತಾನು ಹಿಡಿದುಕೊಳ್ಳುವುದು ಸುಮಾರು 2 ವೋಲ್ಟ್, ಉಳಿದ 2.6 ವೋಲ್ಟ್ ಅದರ ಜೊತೆಗಿದ್ದ, ಕರೆಂಟನ್ನು ಮಿತಿಯಲ್ಲಿಡುವ 1 ಕಿಲೋ ಓಮ್ ರೆಸಿಸ್ಟರ್ ಮೇಲೆ ಬಿದ್ದರೆ ಎರಡೂವರೆ ಮಿಲಿ ಆಂಪಿಯರ್ ಹರಿಯುತ್ತದೆ. ಮಂಕಾಗಿ, ಆದರೆ ಹಗಲಲ್ಲೂ ಕಾಣುವಷ್ಟು ಬೆಳಗಲು ಎಲ್‌ಇಡಿಗೆ ಅಷ್ಟು ಸಾಕು. ಅದೇ ಎರಡೂವರೆ ಮಿಲಿ ಆಂಪಿಯರ್ ರಿವರ್ಸ್ ದೀಪದ ದಪ್ಪ ಬತ್ತಿಗೆ ಏನೂ ಅಲ್ಲ. ಹಾಗಾಗಿ ಹಿಂದೆ ನಿಂತು ನೋಡಿದವರಿಗೆ ರಿವರ್ಸ್ ದೀಪದಲ್ಲಿ ಏನೂ ಕಾಣುವುದಿಲ್ಲ.

ಇದು ನಿಜವೇ, ಅಥವಾ ನನಗೆ ಒಪ್ಪುವ ಕಥೆಯೇ ಎಂದು ಒಂದು ಪರೀಕ್ಷೆ ಮಾಡಿದೆ. ಹಿಂದಿನ ಇಂಡಿಕೇಟರ್ ದೀಪಗಳೂ ಅದೇ ಥಿಂಬಲ್‌ಗೆ ಸೇರಿದ್ದವು. ನನ್ನ ಊಹೆ ಸರಿಯಾಗಿದ್ದರೆ, ಬ್ರೇಕ್ ಮುಟ್ಟದೆ ಬಲಗಡೆಯ ಇಂಡಿಕೇಟರ್ ಹಾಕಿದರೂ ‘ಆರ್’ ಅದರ ತಾಳಕ್ಕೆ ಮಿಣುಕಬೇಕು, ಆದರೆ ಒಂದೇ ಬಲ್ಬ್ ಆದ್ದರಿಂದ ಇನ್ನೂ ಮಂಕಾಗಿ. ಫಲಕದ ಮೇಲೆ ಟವೆಲ್ ಮರೆಮಾಡಿ ಇಂಡಿಕೇಟರ್ ಹಾಕಿದೆವು. ಟಕ್ ಟಕ್ ಎನ್ನುವ ಪ್ರತಿ ಸದ್ದಿಗೂ ‘ಆರ್’ ಒಂದು ಕೆಂಡದ ಕಣದ ಹಾಗೆ ಹೊತ್ತಿ ಆರಿತು. ಎಡಗಡೆಯದಕ್ಕೂ ಹಾಗೆಯೇ. ಗೇರ್‌ಬಾಕ್ಸ್ ಸ್ವಿಚ್ ಈ ದೂರಿನಲ್ಲಿ ನಿರಪರಾಧಿ ಎಂದು ಅಲ್ಲಿಗೆ ತೀರ್ಮಾನವಾಯಿತು.

ಬೋಲ್ಟ್ ಬಿಚ್ಚಿದಾಗ ಕಾರಣ ಕೈಗೇ ಸಿಕ್ಕಿತು. ಕಾರಿಗೆ ಹೊಸ ಬಣ್ಣ ಹೊಡೆದ ಮೇಲೆ ಅರ್ತ್ ಕಟ್ಟಿದ್ದರು. ಥಿಂಬಲ್‌ನ ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಹೊಳಪಿನ ಲ್ಯಾಕರ್ ಇತ್ತು. ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಎಳೆಗಳ ಮೂಲಕ ಮಾತ್ರ, ಅದಕ್ಕೂ ತುಕ್ಕು ಹಿಡಿದು ಕಂದು ಪುಡಿ ಉದುರುತ್ತಿತ್ತು. ಎಲ್ಲರಿಗೂ ಬಣ್ಣದ ಮೇಲೆ ಕಣ್ಣು. ಆ ಬಣ್ಣದ ಅಡಿಯಲ್ಲಿ ಲೋಹ ಇರಬೇಕಾದ ನಾಲ್ಕೈದು ಬಿಲ್ಲೆಯಷ್ಟು ಜಾಗವನ್ನು ಬಿಟ್ಟುಕೊಡಲು ಪೇಂಟರ್‌ಗೆ ಹೇಳುವವರು ಯಾರೂ ಇರುವುದಿಲ್ಲ. ನಾನು ನೋಡಿದ ಕಟ್ಟಿದ ಕಾರು, ಜೀಪುಗಳ ವಿದ್ಯುತ್ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆಯೇ.

ಇಷ್ಟು ಹೊತ್ತಿಗೆ ಮಾಲೀಕರ ಸೋದರಳಿಯ ಬಂದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ತಿಳಿವಳಿಕೆಯುಳ್ಳವನು. ಕರೆಂಟ್ ಹಿಂದಿನಿಂದ ಮುಂದಕ್ಕೆ ಬರುತ್ತಿದೆ ಎಂದು ಕೇಳಿದ ತಕ್ಷಣ, “ಹಂಗಾದ್ರೆ ರಿವರ್ಸ್ ವೈರಿಗೆ ಒಂದು ಡಯೋಡ್ ಹಾಕಿಬಿಡ್ರಿ ಸರ, ಮುಗೀತು” ಎಂದ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಆದ್ದರಿಂದ ಅವನು ಹೇಳಿದ ಹಾಗೆ ಮಾಡಿದರೆ ‘ಆರ್’ ಮಿಣುಕುವುದು ಖಂಡಿತ ನಿಲ್ಲುತ್ತಿತ್ತು. ಎಲ್ಲ ಅಂಗಡಿಯಲ್ಲೂ ಸಿಗುವ 1ಎನ್4007 ಡಯೋಡ್ ಒಂದು ಆಂಪಿಯರಿನದು, ಎರಡು ರಿವರ್ಸ್ ಬಲ್ಬುಗಳ ಮೂರೂವರೆ ಆಂಪಿಯರ್‌ಗೆ ಸುಟ್ಟುಹೋಗುತ್ತದೆ, ಆರು ಆಂಪಿಯರಿನದು ಹಾಕಬೇಕು ಎಂಬುದು ಸಣ್ಣ ಮಾತು. ದೊಡ್ಡ ಮಾತು ಬೇರೆ. ಡಯೋಡ್ ಹಾಕಿದ ಮರುಕ್ಷಣ ಡ್ಯಾಶ್‌ಬೋರ್ಡ್ ಸರಿಯಾಗಿ ಕಾಣುತ್ತದೆ, ಬ್ರೇಕ್ ದೀಪಗಳು ಐದರಲ್ಲೊಂದು ಪಾಲು ಬೆಳಕಿನಲ್ಲೇ ಉಳಿಯುತ್ತವೆ, ಮತ್ತು ಅದನ್ನು ಹಗಲಲ್ಲೂ ಕಾಣುವಂತೆ ಹೇಳುತ್ತಿದ್ದ ಸಾಕ್ಷಿಯ ಬಾಯಿ ಮುಚ್ಚುತ್ತದೆ. ಡ್ಯಾಶ್‌ಬೋರ್ಡ್‌ನ ‘ಆರ್’ ಕಾರು ಯಾವ ಗೇರ್‌ನಲ್ಲಿದೆ ಎಂದು ತಿಳಿದು ಹೇಳುವುದಿಲ್ಲ. ತನ್ನ ವೈರಿನಲ್ಲಿ ವೋಲ್ಟೇಜ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಆ ಲೆಕ್ಕದಲ್ಲಿ ಅದು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಹುಡುಗ ಒಪ್ಪಿಕೊಂಡ, ಒಪ್ಪಿಕೊಂಡು ಬೋಲ್ಟಿನ ಸುತ್ತ ಉಪ್ಪುಕಾಗದ ಉಜ್ಜುವ ಕೆಲಸವನ್ನೂ ಅವನೇ ಮಾಡಿದ.

ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಹೊಸ ಬೋಲ್ಟಿಗೆ ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆವು. ಮತ್ತೆ ಅಳೆದಾಗ 4.6 ಇದ್ದದ್ದು 0.15 ವೋಲ್ಟ್ ಆಗಿತ್ತು. ಬೋಲ್ಟ್ ಒಂದನ್ನೇ ನಂಬದೆ, ಡಿಕ್ಕಿಯಿಂದ ಬ್ಯಾಟರಿಯ ಅರ್ತ್ ಜಾಗದವರೆಗೆ ಪ್ರತ್ಯೇಕವಾಗಿ ಒಂದು 2.5 ಚದರ ಮಿಲಿಮೀಟರ್ ತಾಮ್ರದ ವೈರನ್ನೂ ಎಳೆದೆ. ವೈರಿನ ದಪ್ಪದ ವಿಷಯದಲ್ಲಿ ಜಿಪುಣತನ ಮಾಡುವವರಿಗೆ ಒಂದು ಲೆಕ್ಕ: ಡ್ಯಾಶ್‌ಬೋರ್ಡ್ ದೀಪಗಳಿಗೆ ಬಳಸುವ 0.5 ಚದರ ಮಿಲಿಮೀಟರ್ ವೈರನ್ನು ನಾಲ್ಕು ಮೀಟರ್ ಎಳೆದು ಅದರಲ್ಲಿ ಮೂರೂವರೆ ಆಂಪಿಯರ್ ಹರಿಸಿದರೆ ಸುಮಾರು ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 2.5ರ ವೈರಿನಲ್ಲಿ ಕಳೆಯುವುದು 0.1 ವೋಲ್ಟ್.

ಮೂರನೆಯ ದೂರಾದ ‘ಎನ್’ ದೀಪವನ್ನು ನೋಡುವಾಗ ಯಾರೂ ಹೇಳದೇ ಇದ್ದ ನಾಲ್ಕನೆಯದು ಹೊರಬಂತು. ಅದು ಉಳಿದ ಮೂರಕ್ಕಿಂತ ಗಂಭೀರವಾದದ್ದು. ಕಾರನ್ನು ಕಣದ ಮೇಲೆ ಇಳಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದೆವು. ಬ್ಯಾಟರಿ ಚಾರ್ಜ್ ಆಗುವಾಗಿನ ವೋಲ್ಟೇಜ್ ನೋಡಬೇಕಿತ್ತು, ಎಂಜಿನ್ ಶುರು ಮಾಡಲು ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಹೇಳಿದೆ. ಲಿವರ್ ‘ಡಿ’ಯಲ್ಲಿದ್ದದ್ದನ್ನು ಇಬ್ಬರೂ ನೋಡಲಿಲ್ಲ. ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಿತು, ಕಾರು ಕಲ್ಲಿನ ಮೇಲೆ ಹತ್ತಲು ಮೂಗು ಎತ್ತಿತು. ಹುಡುಗ ಕೀ ತಿರುಗಿಸಿ ಆರಿಸುವಷ್ಟರಲ್ಲಿ ಒಂದು ಕಲ್ಲು ಒಂದು ಗೇಣು ಜಾರಿತ್ತು. ನಾನು ಬಾನೆಟ್ ಪಕ್ಕಕ್ಕೆ ನಿಂತಿದ್ದೆ, ಮುಂದೆ ನಿಂತಿರಲಿಲ್ಲ.

ಸ್ಟೀರಿಂಗ್ ಕೆಳಗಿನ ಹಾರ್ನೆಸ್ (ವೈರುಗಳ ಕಟ್ಟು) ಬಿಚ್ಚಿ ನೋಡಿದಾಗ, ಸೆಲ್ಫ್ ರಿಲೇಗೆ ಹೋಗುವ ಎರಡು ವೈರುಗಳನ್ನು ಇನ್‌ಹಿಬಿಟರ್ ಸ್ವಿಚ್‌ನಿಂದ ಕತ್ತರಿಸಿ, ಒಂದಕ್ಕೊಂದು ಹೆಣೆದು, ಇನ್ಸುಲೇಷನ್ ಟೇಪ್ ಸುತ್ತಿದ್ದರು. ಯಾಕೆ ಹಾಗೆ ಮಾಡಿರಬೇಕು ಎಂಬುದು ‘ಎನ್’ ದೀಪದ ದೂರಿನಲ್ಲೇ ಅಡಗಿತ್ತು. ಈ ಗೇರ್‌ಬಾಕ್ಸನ್ನು ಕಾಂಟೆಸ್ಸಾಕ್ಕೆ ಕೂರಿಸುವಾಗ ಲಿವರ್‌ನ ಕಡ್ಡಿಯನ್ನು ಕತ್ತರಿಸಿ ಬೆಸೆದಿದ್ದರು. ಅದರ ಉದ್ದ ಸ್ವಲ್ಪ ಹೆಚ್ಚುಕಡಿಮೆಯಾಗಿ, ಕ್ಯಾಬಿನ್‌ನ ಲಿವರ್ ‘ಎನ್’ ಎಂದಾಗ ಗೇರ್‌ಬಾಕ್ಸ್‌ನ ಶಾಫ್ಟ್ ಇನ್ನೂ ಸರಿಯಾದ ‘ಎನ್’ಗೆ ಬಂದಿರುತ್ತಿರಲಿಲ್ಲ. ದೀಪದ ಪಟ್ಟಿ ಮುಟ್ಟದಿದ್ದರೆ ‘ಎನ್’ ಹತ್ತುವುದಿಲ್ಲ, ಸೆಲ್ಫ್‌ನ ಪಟ್ಟಿಯೂ ಮುಟ್ಟುವುದಿಲ್ಲ. ಒಂದು ದಿನ ಕಾರು ‘ಎನ್’ನಲ್ಲಿ ಸ್ಟಾರ್ಟ್ ಆಗದೆ ನಿಂತಿರಬೇಕು. ಹತ್ತು ನಿಮಿಷದಲ್ಲಿ ಮುಗಿಯುವ ಹೊಂದಿಕೆಯ ಬದಲು ಎರಡು ನಿಮಿಷದ ಜೋಡಣೆಯನ್ನು ಯಾರೋ ಆರಿಸಿಕೊಂಡರು. ಗಿರಣಿ ಅಂಗಳದಲ್ಲಿ ಹಮಾಲರು, ಅವರ ಮಕ್ಕಳು ಓಡಾಡುತ್ತಿರುತ್ತಾರೆ. ಇದನ್ನು ಮಾಲೀಕರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಮೊದಲು ಇದನ್ನು ಸರಿಮಾಡಿ, ದೀಪ ಆಮೇಲೆ ನೋಡೋಣ ಎಂದರು.

ಹೊಂದಿಸುವಾಗ ಕ್ಯಾಬಿನ್‌ನ ಲಿವರನ್ನು ನಂಬಬಾರದು. ಕಡ್ಡಿಯನ್ನು ಕಳಚಿ, ಗೇರ್‌ಬಾಕ್ಸ್ ಪಕ್ಕದ ಕೈಯನ್ನೇ ‘ಪಿ’ ಕೊನೆಯವರೆಗೆ ತಳ್ಳಿ, ಅಲ್ಲಿಂದ ಎರಡು ಕಚ್ಚು ಹಿಂದಕ್ಕೆ ತಂದರೆ ಒಂದು ‘ಆರ್’, ಎರಡನೆಯದು ‘ಎನ್’. ಆ ಸ್ಥಿತಿಯಲ್ಲಿ ಶಾಫ್ಟಿನ ಸುತ್ತಲಿನ ತೋಡು ಸ್ವಿಚ್‌ನ ಮೈಮೇಲೆ ಕೊರೆದ ‘ಎನ್’ ಗೆರೆಗೆ ನೇರವಾಗುವಂತೆ ಸ್ವಿಚ್ಚನ್ನು ತಿರುಗಿಸಿ ಬೋಲ್ಟ್ ಬಿಗಿದೆ. ಅದಾದ ಮೇಲೆ, ಲಿವರನ್ನು ‘ಎನ್’ನಲ್ಲಿ ಹಿಡಿದುಕೊಂಡು, ಕಡ್ಡಿ ಒತ್ತಾಯವಿಲ್ಲದೆ ಕೂರುವಂತೆ ಅದರ ತುದಿಯ ನಟ್ಟನ್ನು ಎರಡೂವರೆ ಸುತ್ತು ಸಡಿಲಿಸಬೇಕಾಯಿತು. ಸೆಲ್ಫ್‌ನ ವೈರುಗಳನ್ನು ಮತ್ತೆ ಸ್ವಿಚ್‌ಗೆ ಸೇರಿಸಿ, ಹೆಣೆಯದೆ ಬೆಸುಗೆ ಹಾಕಿ, ಸ್ಲೀವ್ ಕಾಯಿಸಿ ಮುಚ್ಚಿದೆ. ಒಂದು ಗೇರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಕ್ಷಣ ಮಾತ್ರ ಯಾವ ದೀಪವೂ ಹತ್ತದಿರುವುದನ್ನೂ ಸರಿಪಡಿಸಲು ಮಾಲೀಕರು ಕೇಳಿದರು. ಅದು ತೊಂದರೆಯಲ್ಲ, ಪಟ್ಟಿ ಒಂದು ಪಿನ್ನನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವಿನ ಖಾಲಿ ಜಾಗ. ಅಲ್ಲಿ ಎರಡು ದೀಪ ಒಟ್ಟಿಗೆ ಹತ್ತಿದ್ದರೆ ನಾನು ಚಿಂತಿಸುತ್ತಿದ್ದೆ.

ಇನ್ನು ‘ಎಲ್’ನ ಮಿಣುಕು. ಲಿವರ್ ‘2’ರಲ್ಲಿದ್ದಾಗ ‘ಎಲ್’ ವೈರಿನಲ್ಲಿ 2.5 ವೋಲ್ಟ್ ಕಾಣಿಸಿತು. ಡ್ಯಾಶ್‌ಬೋರ್ಡ್ ಕಡೆಯ ಕಪ್ಲರ್ ಕಳಚಿ ಅದೇ ಪಿನ್ನಿಗೆ ಮೀಟರ್ ಇಟ್ಟರೆ ಹೆಚ್ಚುಕಡಿಮೆ ಇಡೀ ಬ್ಯಾಟರಿಯ ವೋಲ್ಟೇಜ್! ಮೀಟರನ್ನೇ ನಂಬಿದವರು ಸ್ವಿಚ್ ಒಳಗೆ ಶಾರ್ಟ್ ಆಗಿದೆ ಎಂದೇ ಹೇಳುತ್ತಾರೆ. ಆದರೆ ಅಲ್ಲಿಗೆ ಸಾಮಾನ್ಯ ಬಲ್ಬಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ಅದು ಹತ್ತಲೂ ಇಲ್ಲ, ಮೀಟರಿನ ಅಂಕಿ ಸೊನ್ನೆಗೆ ಇಳಿಯಿತು. ಎಂದರೆ ಬರುತ್ತಿದ್ದುದು ಬಲವಿಲ್ಲದ ವೋಲ್ಟೇಜ್. ಸ್ವಿಚ್‌ನೊಳಗೆ ‘2’ ಮತ್ತು ‘ಎಲ್’ ಪಿನ್ನುಗಳ ನಡುವಿನ ಪ್ಲಾಸ್ಟಿಕ್ ಮೇಲೆ ಸವೆದ ತಾಮ್ರದ ಪುಡಿ ಮತ್ತು ಎಣ್ಣೆ ಸೇರಿ ಸುಮಾರು 20 ಕಿಲೋ ಓಮ್‌ನ ಸೋರಿಕೆಯಾಗಿತ್ತು. ಆ ಮೂಲಕ ಬರುವ ಅರ್ಧ ಮಿಲಿ ಆಂಪಿಯರ್ ಕತ್ತಲಲ್ಲಿ ಎಲ್‌ಇಡಿಯನ್ನು ಮಿಣುಕಿಸಲು ಸಾಕು. ಈ ಗೇರ್‌ಬಾಕ್ಸ್ ಅದರ ಮೂಲ ಕಾರಿನಲ್ಲಿದ್ದಾಗ ಫಲಕದಲ್ಲಿ ಇದ್ದದ್ದು ಬತ್ತಿಯ ಪುಟ್ಟ ಬಲ್ಬುಗಳು, 1.2 ವ್ಯಾಟ್‌ನ ಬಲ್ಬಿಗೆ 100 ಮಿಲಿ ಆಂಪಿಯರ್ ಬೇಕು. ಇಂಥ ಸೋರಿಕೆ ಆಗಲೂ ಇದ್ದಿರಬಹುದು, ಕಾಣುವ ದಾರಿ ಇರಲಿಲ್ಲ.

ಇಲ್ಲಿ ನಾನು ಮಾಡಿದ್ದು, ‘ಎಲ್’ ಎಲ್‌ಇಡಿ ಮತ್ತು ಅದರ ರೆಸಿಸ್ಟರ್ ಎರಡಕ್ಕೂ ಸೇರಿಸಿ ಸಮಾನಾಂತರವಾಗಿ 470 ಓಮ್‌ನ ಒಂದು ರೆಸಿಸ್ಟರ್ ಹಾಕಿದ್ದು. ಸೋರಿ ಬರುವ ಕರೆಂಟ್ ಅದರಲ್ಲಿ ಇಳಿದುಹೋಗುತ್ತದೆ; ವೈರಿನ ವೋಲ್ಟೇಜ್ ಮೂರನೇ ಒಂದು ವೋಲ್ಟ್‌ಗಿಂತ ಕೆಳಗಿಳಿದು ಎಲ್‌ಇಡಿ ಪೂರ್ತಿ ಆರುತ್ತದೆ. ನಿಜವಾಗಿ ‘ಎಲ್’ಗೆ ಹಾಕಿದಾಗ ಆ ರೆಸಿಸ್ಟರ್‌ನಲ್ಲಿ 14.4 ವೋಲ್ಟ್‌ಗೆ 0.44 ವ್ಯಾಟ್ ಬಿಸಿಯಾಗಿ ಹೋಗುವುದರಿಂದ ಕಾಲು ವ್ಯಾಟಿನದು ಹಾಕಿದರೆ ಕರಕಲಾಗುತ್ತದೆ, ಒಂದು ವ್ಯಾಟಿನದು ಬೇಕು. ಪಿ.ಬಿ. ರಸ್ತೆಯ ಕಡೆ ಹೋಗಿದ್ದಾಗ ಬಿಡಿಭಾಗಗಳ ಅಂಗಡಿಯಲ್ಲಿ ಆರು ತಂದು, ಆರೂ ದೀಪಗಳಿಗೆ ಹಾಕಿದೆ. ಸೋದರಳಿಯ ಸುಮ್ಮನಿರಲಿಲ್ಲ. ಡಯೋಡ್ ಬೇಡ ಎಂದವರು ಇದನ್ನು ಮಾತ್ರ ಹಾಕಿದ್ದು ಹೇಗೆ, ಇದೂ ಮುಚ್ಚಿಡುವುದೇ ಅಲ್ಲವೇ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಅರ್ಧ ಮಿಲಿ ಆಂಪಿಯರ್ ಸೋರಿಕೆಯಿಂದ ಈ ಕಾರಿನಲ್ಲಿ ಬೇರೆ ಯಾವುದೂ ಕೆಡುವುದಿಲ್ಲ, ಮತ್ತು ಆ ರೆಸಿಸ್ಟರ್ ಸ್ವಿಚ್‌ಗೆ ಅದು ತಯಾರಾದಾಗ ಇದ್ದಂಥ ಹೊರೆಯನ್ನು ಸ್ವಲ್ಪ ಮಟ್ಟಿಗೆ ಹಿಂತಿರುಗಿಸುತ್ತದೆ. ಡಯೋಡ್ ಮುಚ್ಚಿಡುತ್ತಿದ್ದದ್ದು ಬ್ರೇಕ್ ದೀಪವನ್ನು.

ಅದೇ ಕಾರಣಕ್ಕೆ ‘ಆರ್’ ವೈರನ್ನು ಮೊದಲಿನ ಹಾಗೆಯೇ ಬಿಟ್ಟೆ. ರಿವರ್ಸ್ ದೀಪಗಳಿಗೆ ರಿಲೇ ಹಾಕಿ ಡ್ಯಾಶ್‌ಬೋರ್ಡ್ ದೀಪದಿಂದ ಬೇರ್ಪಡಿಸುವುದು ಅಚ್ಚುಕಟ್ಟು ಎಂದು ಹಲವರು ಹೇಳುವರು. ಹಾಗೆ ಮಾಡುವವರು ರಿಲೇ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಲು ಮರೆಯಬಾರದು, ಇಲ್ಲದಿದ್ದರೆ ಕಾಯಿಲ್ ಬಿಡುವಾಗ ಏಳುವ ತಿರುಗುಮುರುಗು ವೋಲ್ಟೇಜ್ ಪಕ್ಕದ ಎಲ್‌ಇಡಿಯನ್ನು ಕೊಲ್ಲುತ್ತದೆ. ಆದರೆ ಈ ಸ್ವಿಚ್‌ನ ‘ಆರ್’ ಪಟ್ಟಿ ರಿವರ್ಸ್ ಬಲ್ಬುಗಳ ಹೊರೆಗೆಂದೇ ಮಾಡಿದ್ದು. ಜೊತೆಗೆ, ರಿಲೇ ಇಲ್ಲದಿದ್ದರೆ ಮುಂದೆ ಎಂದಾದರೂ ಹಿಂದಿನ ಅರ್ತ್ ಮತ್ತೆ ಸಡಿಲವಾದಾಗ ‘ಆರ್’ ಮತ್ತೆ ಮಿಣುಕಿ ಹೇಳುತ್ತದೆ. ಇದನ್ನು ಒಪ್ಪದವರು ಇರುತ್ತಾರೆ.

ಫಲಕದ ಉಳಿದ ಕೆಲಸ ಬೇಗ ಮುಗಿಯಿತು. ಸ್ವಿಚ್‌ಗೆ ಹೋಗುವ ವೈರಿಗೆ ಅದಕ್ಕೆಂದೇ ಪ್ರತ್ಯೇಕ ಫ್ಯೂಸ್ ಕೊಟ್ಟೆ, ರಿವರ್ಸ್ ಬಲ್ಬುಗಳೂ ಅದರ ಮೇಲೆಯೇ ಇರುವುದರಿಂದ 7.5 ಆಂಪಿಯರಿನದು, ಮತ್ತು ಅಲ್ಲಿಯವರೆಗಿನ ವೈರನ್ನು 1.5 ಚದರ ಮಿಲಿಮೀಟರಿಗೆ ಬದಲಿಸಿದೆ. ಆರು ಎಲ್‌ಇಡಿಗಳ ಅರ್ತನ್ನು ಅಲ್ಯೂಮಿನಿಯಂ ತಗಡಿಗೆ ನಂಬಿಕೊಳ್ಳದೆ ಪ್ರತ್ಯೇಕ ವೈರಿನಲ್ಲಿ ಇಳಿಸಿದೆ. ಆರೂ ವೈರುಗಳ ಎರಡೂ ತುದಿಗೆ ಅಕ್ಷರ ಬರೆದ ಸ್ಲೀವ್ ಹಾಕಿ, ನಕ್ಷೆಯನ್ನು ಕನ್ನಡದಲ್ಲೇ ಬರೆದು, ಡಿಕ್ಕಿಯ ಅರ್ತ್ ಬೋಲ್ಟ್ ಎಲ್ಲಿದೆ ಎಂಬುದನ್ನೂ ಗುರುತಿಸಿ, ಗ್ಲೌ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿದೆ.

ಕೊನೆಯ ಪರೀಕ್ಷೆಯನ್ನು ಮಾಲೀಕರ ಎದುರಿಗೇ ಮಾಡಿದೆವು. ನಾಲ್ಕೂ ಚಕ್ರಕ್ಕೆ ಕಲ್ಲು, ಕೈ ಬ್ರೇಕ್ ಮೇಲೆ, ಕಾಲು ಬ್ರೇಕ್ ಒತ್ತಿ, ಕಾರಿನ ಹಿಂದೆಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಆರೂ ಸ್ಥಾನಗಳಲ್ಲಿ ಒಂದೊಂದಾಗಿ ಕೀ ತಿರುಗಿಸಿದೆ. ‘ಪಿ’ಯಲ್ಲಿ ಮತ್ತು ‘ಎನ್’ನಲ್ಲಿ ಸೆಲ್ಫ್ ಹೊಡೆಯಿತು. ಉಳಿದ ನಾಲ್ಕರಲ್ಲಿ ರಿಲೇ ‘ಟಿಕ್’ ಎನ್ನಲಿಲ್ಲ. ಬೀದಿಯ ದೀಪ ಹತ್ತುವ ಹೊತ್ತಿಗೆ ಕಾರನ್ನು ಗೋದಾಮಿನ ಬಿಳಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದಾಗ ಇಡೀ ಗೋಡೆ ಕೆಂಪಾಯಿತು, ಡ್ಯಾಶ್‌ಬೋರ್ಡ್‌ನಲ್ಲಿ ‘ಡಿ’ ಒಂದೇ ಇತ್ತು. ಮಾಲೀಕರು ಅದನ್ನು ನೋಡಿ, ಅಮಾಸೆ ಪೂಜೆಗೆ ಕಾರು ತೊಳೆಯುವ ದಿನ ತಿಂಗಳಿಗೊಮ್ಮೆ ಹೀಗೆ ಗೋಡೆಗೆ ಹಿಡಿದು ನೋಡುವುದಾಗಿ ಹೇಳಿದರು. ಸ್ವಿಚ್ ಒಳಗಿನ ಪಟ್ಟಿ ಸವೆದಿರುವುದು ನಿಜ, ಹೊಸದು ಸಿಕ್ಕಾಗ ಬದಲಿಸಬೇಕು. ಸಿಗುವವರೆಗೆ ಹಳೆಯದೇ ಕೆಲಸ ಮಾಡುತ್ತಿದೆ.